ಮಸ್ಕಿಯ ಬಂಡೆ ಮತ್ತು ಅಶೋಕನ ಡಿಸ್ಕ್ ಅರೇ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಲ್ಯಾಬ್‌ನ ಸರ್ವರ್ ಕೈಕೊಟ್ಟಿತು. ನಾಲ್ಕು ಹಾರ್ಡ್ ಡಿಸ್ಕ್ ಸೇರಿಸಿ ರೇಡ್ 5 ಮಾಡಿ ಇಟ್ಟಿದ್ದರು. ಅಂದರೆ ನಾಲ್ಕರಲ್ಲಿ ಯಾವುದಾದರೂ ಒಂದು ಸತ್ತರೂ ಉಳಿದ ಮೂರರ ಲೆಕ್ಕದಿಂದ ಅದರ ಡೇಟಾ ವಾಪಸ್ ತೆಗೆಯಬಹುದು. ಒಂದು ಸತ್ತಿತು. ಎಚ್ಚರಿಕೆ ದೀಪ ಮಿನುಗುತ್ತಾನೇ ಇತ್ತು, ನಾವ್ಯಾರೂ ನೋಡಲಿಲ್ಲ. ಎರಡನೇದೂ ಸತ್ತಾಗ ಎಲ್ಲ ಹೋಯ್ತು. ಅದರಲ್ಲಿ ನಮ್ಮ ಕನ್ನಡ ಸಂಘದ ಹಳೇ ಸಂಚಿಕೆಗಳೂ ಇದ್ದವು.

ವಾಟ್ಸಾಪ್‌ನಲ್ಲಿ ಈ ಸುದ್ದಿ ಬಂದಾಗ ನಾನು ಸಿಂಧನೂರಿನಿಂದ ಲಿಂಗಸುಗೂರಿಗೆ, ಅತ್ತೆ ಮನೆಗೆ ಹೋಗೋ ಬಸ್ಸಿನಲ್ಲಿದ್ದೆ. ಸುಮಾರು ಅರ್ಧ ದಾರಿಗೆ ಮಸ್ಕಿ. ಚಿಕ್ಕಂದಿನಿಂದ ಕಿಟಕಿಯಲ್ಲೇ ಗುಡ್ಡ ನೋಡಿದ್ದೆ, ಇಳಿದು ಶಾಸನ ನೋಡಿದ್ದಿಲ್ಲ. ಅವತ್ತು ಇಳಿದುಬಿಟ್ಟೆ. ಎಂಟು ಸಾಲು, ಸವೆದ ಅಕ್ಷರ. ಓದೋಕೆ ನನಗೆ ಬರಲ್ಲ. ಆದರೆ ಅದನ್ನು ಬರೆಸಿದವನ ಬಗ್ಗೆ ಓದೋಣ ಅಂತ ಆಸೆ ಹುಟ್ಟಿತು. ಈ ಲೇಖನ ಹಾಗೆ ಬಂದದ್ದು.

ಅಶೋಕ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಆ ಅಜ್ಜನೇ ಕೊನೆಗಾಲಕ್ಕೆ ಶ್ರವಣಬೆಳಗೊಳಕ್ಕೆ ಬಂದ ಅಂತ ಜೈನ ಪರಂಪರೆ ಹೇಳುತ್ತದೆ. ಯುವಕನಾಗಿದ್ದಾಗ ಅಶೋಕ ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದ, ವಿದಿಶಾದ ದೇವಿ ಎಂಬುವಳನ್ನು ಮದುವೆಯಾದ ಅನ್ನೋದು ಸಿಂಹಳದ ಬೌದ್ಧ ಗ್ರಂಥಗಳ ಮಾತು. ಪಟ್ಟಕ್ಕಾಗಿ ತೊಂಬತ್ತೊಂಬತ್ತು ಅಣ್ಣತಮ್ಮಂದಿರನ್ನು ಕೊಂದ ಅಂತಲೂ ಅವೇ ಹೇಳುತ್ತವೆ. ನಾನಂತೂ ಈ ಲೆಕ್ಕ ನಂಬಲ್ಲ. ಪಟ್ಟಕ್ಕೆ ಬಂದು ಎಷ್ಟೋ ವರ್ಷದ ಮೇಲೆ ಹಾಕಿಸಿದ ಶಾಸನದಲ್ಲಿ ಅವನೇ ತನ್ನ ಸೋದರ ಸೋದರಿಯರ ಮನೆಗಳ ಬಗ್ಗೆ ಹೇಳಿದ್ದಾನೆ. ಎಲ್ಲರನ್ನೂ ಕೊಂದಿದ್ದರೆ ಆ ಮನೆಗಳು ಯಾರವು? ಆದರೆ ಜಗಳ ನಡೆದಿರಬೇಕು. ಪಟ್ಟಾಭಿಷೇಕ ಆಗಿದ್ದು ಕ್ರಿ.ಪೂ. 268ರ ಸುಮಾರಿಗೆ, ತಂದೆ ಸತ್ತು ಕೆಲವು ವರ್ಷ ಕಳೆದ ಮೇಲೆ.

ಪಟ್ಟಕ್ಕೆ ಬಂದ ಎಂಟು ವರ್ಷಕ್ಕೆ ಕಳಿಂಗ ಯುದ್ಧ. ಇದು ನಮಗೆಲ್ಲ ಸ್ಕೂಲ್‌ನಿಂದ ಗೊತ್ತು. ನನಗೆ ಗೊತ್ತಿಲ್ಲದೇ ಇದ್ದದ್ದು, ಆ ಲೆಕ್ಕ ಕೊಟ್ಟವನು ಅವನೇ ಅನ್ನೋದು. ಒಂದೂವರೆ ಲಕ್ಷ ಜನರನ್ನು ಸೆರೆ ಹಿಡಿದು ಒಯ್ದದ್ದು, ಒಂದು ಲಕ್ಷ ಜನ ಯುದ್ಧದಲ್ಲಿ ಸತ್ತದ್ದು, ಅದಕ್ಕೂ ಎಷ್ಟೋ ಪಾಲು ಜನ ಆಮೇಲೆ ಸತ್ತದ್ದು, ಎಲ್ಲ ಅವನ ಹದಿಮೂರನೇ ಬಂಡೆ ಶಾಸನದಲ್ಲಿದೆ. ಗೆದ್ದ ರಾಜ ತನ್ನ ಪಶ್ಚಾತ್ತಾಪವನ್ನು ಹೀಗೆ ಕಲ್ಲಿಗೆ ಹಾಕಿಸಿದ್ದು ಸಣ್ಣ ವಿಷಯ ಅಲ್ಲ.

ಅಲ್ಲಿಂದ ಮುಂದೆ ಅವನ ಜೀವನ ಅಂದರೆ ಹೆಚ್ಚಾಗಿ ಬರೆಸಿದ್ದೇ. ದಾರಿಬದಿ ಮರ ನೆಡಿಸಿದ್ದು, ಬಾವಿ ತೋಡಿಸಿದ್ದು, ಮನುಷ್ಯರಿಗೂ ಪ್ರಾಣಿಗಳಿಗೂ ಔಷಧ ಸಿಗೋ ಹಾಗೆ ಮಾಡಿದ್ದು. ಅರಮನೆ ಅಡುಗೆಮನೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದದ್ದು ಎರಡು ನವಿಲು, ಒಂದು ಜಿಂಕೆಗೆ ಇಳಿಯಿತಂತೆ. ಜಿಂಕೆಯೂ ದಿನಾ ಇಲ್ಲ. ಇಷ್ಟು ಪ್ರಾಮಾಣಿಕವಾಗಿ ಪೂರ್ತಿ ಬಿಟ್ಟಿಲ್ಲ ಅಂತ ಒಪ್ಪಿಕೊಂಡದ್ದು ನೋಡಿ ನಗು ಬಂತು, ಇಷ್ಟವೂ ಆಯಿತು.

ಈಗ ಡಿಸ್ಕ್ ವಿಷಯಕ್ಕೆ ಬರ್ತೀನಿ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಬರೆದ ಪೇಪರ್ ನಮ್ಮ ಸಿಲಬಸ್‌ನಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಒಂದು ದೊಡ್ಡ ದುಬಾರಿ ಡಿಸ್ಕ್ ಬದಲು ಸಣ್ಣ ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್ ಥರ ಬಳಸಬಹುದು, ಆದರೆ ಸಂಖ್ಯೆ ಹೆಚ್ಚಿದಷ್ಟೂ ಯಾವುದೋ ಒಂದು ಕೆಡುವ ಸಾಧ್ಯತೆ ಹೆಚ್ಚುತ್ತದೆ, ಹಾಗಾಗಿ ಹೆಚ್ಚುವರಿ ಮಾಹಿತಿ ಬರೆದಿಡಬೇಕು ಅನ್ನೋದು ಅದರ ತಿರುಳು. ಒಂದೇ ಡೇಟಾವನ್ನು ಎರಡು ಡಿಸ್ಕಿಗೆ ಬರೆದರೆ ರೇಡ್ 1, ಅಂದರೆ ಕನ್ನಡಿ. ಪ್ಯಾರಿಟಿ ಲೆಕ್ಕ ಇಟ್ಟರೆ ರೇಡ್ 5. ಅದರಲ್ಲಿ ಒಂದು ಡಿಸ್ಕಿನಲ್ಲಿ 1, ಇನ್ನೊಂದರಲ್ಲಿ 0 ಇದ್ದರೆ ಮೂರನೇದರಲ್ಲಿ ಎಕ್ಸಾರ್ ಮಾಡಿ 1 ಬರೆಯೋದು. ಎರಡನೇ ಡಿಸ್ಕ್ ಸತ್ತರೆ ಉಳಿದ 1 ಮತ್ತು 1 ಎಕ್ಸಾರ್ ಮಾಡಿದರೆ ಕಳೆದ 0 ಸಿಗುತ್ತದೆ.

ಅಶೋಕ ಮಾಡಿದ್ದು ಕನ್ನಡಿ. ತಾನು ಉಪಾಸಕನಾದ ಕಥೆ, ಮೊದಮೊದಲು ಅಷ್ಟು ಉತ್ಸಾಹ ಇರಲಿಲ್ಲ, ಆಮೇಲೆ ಬಂತು, ಬಡವರೂ ಪ್ರಯತ್ನಪಟ್ಟರೆ ಮುಟ್ಟಬಹುದು ಅನ್ನೋ ಒಂದು ಚಿಕ್ಕ ಪಠ್ಯವನ್ನು ಕಲ್ಲು ಸಿಕ್ಕಲ್ಲಿ, ಕಂಬ ಇದ್ದಲ್ಲಿ ಕೆತ್ತಿಸಿ ಅಂತ ಆಜ್ಞೆ ಕಳಿಸಿದ. ಮಸ್ಕಿಯಲ್ಲಿ ಇರೋದು ಇದೇ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳ, ಇವುಗಳಲ್ಲೂ ಇದೇ. ಬ್ರಹ್ಮಗಿರಿಯ ಪ್ರತಿಯಲ್ಲಿ ಬರೆದ ಚಪಡ ತನ್ನ ಕಸುಬನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಹಾಕಿಕೊಂಡಿದ್ದಾನೆ. ಆಪರೇಟರ್ ತನ್ನ ಯೂಸರ್‌ನೇಮ್ ಬಿಟ್ಟುಹೋದ ಹಾಗೆ.

ಎಲ್ಲ ಕನ್ನಡಿಯೂ ಒಂದೇ ಅಲ್ಲ ಅನ್ನೋದೂ ಅವನಿಗೆ ಗೊತ್ತಿತ್ತು. ಹದಿನಾಲ್ಕನೇ ಬಂಡೆ ಶಾಸನದಲ್ಲಿ, ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ದೊಡ್ಡದಾಗಿ ಬರೆಸಿದ್ದೇನೆ, ಕೆಲವು ಕಡೆ ಬರೆದವನ ತಪ್ಪಿನಿಂದ ಅರ್ಧಮರ್ಧ ಆಗಿರಬಹುದು ಅನ್ನೋ ಅರ್ಥದ ಮಾತು ಇದೆ. ಕೆಲವು ಪ್ರತಿಗಳಲ್ಲಿ ಬೇಕಂತಲೇ ಬಿಟ್ಟದ್ದೂ ಇದೆ. ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಯುದ್ಧದ ಸತ್ತವರ ಲೆಕ್ಕದ ಶಾಸನ ಇಲ್ಲ. ಬೇರೆ ಎರಡು ಶಾಸನ ಹಾಕಿಸಿದ್ದಾನೆ. ನೋವು ತಿಂದವರ ಊರಲ್ಲಿ ಅದನ್ನು ಹೇಳೋದು ಬೇಡ ಅನಿಸಿತೋ, ದಂಗೆ ಏಳುತ್ತಾರೆ ಅಂತ ಭಯವೋ? ಪಶ್ಚಾತ್ತಾಪವನ್ನು ಉಳಿದವರಿಗೆಲ್ಲ ಹೇಳಿ, ಅವರಿಗೇ ಹೇಳದೆ ಇದ್ದದ್ದು ನನಗೆ ಸರಿ ಅನಿಸಲಿಲ್ಲ.

ಅವನು ತೀರಿಕೊಂಡದ್ದು ಕ್ರಿ.ಪೂ. 232ರ ಸುಮಾರಿಗೆ. ಕೊನೆಗೆ ಬಳಿಯಲ್ಲಿ ದಾನ ಮಾಡೋಕೆ ಅರ್ಧ ನೆಲ್ಲಿಕಾಯಿ ಮಾತ್ರ ಉಳಿದಿತ್ತು, ಅದನ್ನೂ ಸಂಘಕ್ಕೆ ಕೊಟ್ಟ ಅಂತ ಬೌದ್ಧ ಕಥೆ. ಆಮೇಲೆ ಐವತ್ತು ವರ್ಷಕ್ಕೇ ಮೌರ್ಯ ಸಾಮ್ರಾಜ್ಯ ಮುಗಿಯಿತು.

ಮುಂದಿನದು ರೇಡ್ ಕಾಪಾಡದ ಸಮಸ್ಯೆ. ಡಿಸ್ಕ್‌ಗಳು ಇದ್ದವು, ಓದುವವರಿಲ್ಲ. ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಎರಡು ಕಂಬಗಳನ್ನು ದೆಹಲಿಗೆ ಸಾಗಿಸಿದ, ಪಂಡಿತರನ್ನು ಕರೆಸಿದ, ಯಾರಿಗೂ ಓದಲಾಗಲಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಶಾಸನದ ಕಲ್ಲೇ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಅದು ಗೊತ್ತಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದಾಗ ಕಲ್ಲುಗಳೆಲ್ಲ ಮಾತಾಡಿದವು. ಆದರೆ ಮಾತಾಡುತ್ತಿರೋದು ಯಾರು? ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬಿರುದುಗಳಷ್ಟೇ. ಸಿಂಹಳದ ಗ್ರಂಥ ನೋಡಿ ಇವನೇ ಅಶೋಕ ಅಂತ ಜಾರ್ಜ್ ಟರ್ನರ್ ಹೇಳಿದ. ಕಲ್ಲು ಮಾತ್ರ ಹೇಳಿರಲಿಲ್ಲ.

1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್, ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ಮಸ್ಕಿಗೆ ಬಂದ. ಪಕ್ಕದ ಹಟ್ಟಿಯಲ್ಲಿ ಚಿನ್ನದ ಗಣಿ ಈಗಲೂ ಇದೆ. ಅವನಿಗೆ ಅವತ್ತು ಸಿಕ್ಕಿದ್ದು ಈ ಬಂಡೆ. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ಬಿರುದಿನ ಪಕ್ಕ ಅಶೋಕ ಅಂತ ಹೆಸರು!

ಇಲ್ಲಿ ನನಗೆ ಮೈ ಜುಂ ಅಂದದ್ದು ಏನಂದರೆ, ಹೆಸರಿನ ನಂತರ ಅಕ್ಷರಗಳು ಒಡೆದು ಹೋಗಿವೆ. ಆ ಒಡೆದ ಭಾಗವನ್ನು ಬೇರೆ ಊರಿನ ಪ್ರತಿಗಳನ್ನು ನೋಡಿ ತುಂಬಬಹುದು. ಹೆಸರಿಗೆ ಮಾತ್ರ ಆಗ ಇನ್ನೊಂದು ಪ್ರತಿ ಗೊತ್ತಿರಲಿಲ್ಲ. ಚಕ್ಕೆ ಒಂದೆರಡು ಇಂಚು ಈಚೆ ಎದ್ದಿದ್ದರೆ? ಮಧ್ಯಪ್ರದೇಶದ ಗುಜರ್ರಾ 1950ರ ದಶಕದಲ್ಲಿ, ನಿಟ್ಟೂರು ಮತ್ತು ಉಡೇಗೋಳ 1970ರ ದಶಕದಲ್ಲಿ ಸಿಕ್ಕ ಮೇಲೆ ಹೆಸರಿಗೂ ಕನ್ನಡಿ ಸಿಕ್ಕಿತು. ಅಲ್ಲಿವರೆಗೂ ಎಚ್ಚರಿಕೆ ದೀಪ ಉರಿಯುತ್ತಿದ್ದ ಹಾಗೆ.

ನಮ್ಮ ಸಂಚಿಕೆಗಳ ವಿಷಯ. ಸೀನಿಯರ್‌ಗಳ ಮೇಲ್, ಹಳೇ ಪೆನ್‌ಡ್ರೈವ್, ಒಬ್ಬ ಅಕ್ಕನ ಮೊಬೈಲ್, ಎಲ್ಲ ಜಾಲಾಡಿ ಕೆಲವು ಪಿಡಿಎಫ್ ತೆಗೆದಿದ್ದೇವೆ. ಒಂದು ಸಂಚಿಕೆಯ ಎರಡು ಪ್ರತಿ ಸಿಕ್ಕಿವೆ. ಒಂದರಲ್ಲಿ ಮುಖಪುಟ ಇಲ್ಲ, ಇನ್ನೊಂದರಲ್ಲಿ ಕೊನೆಯ ಹಾಳೆಗಳಿಲ್ಲ, ಸೇರಿಸಿದರೆ ಪೂರ್ತಿ. ನಿಮ್ಮ ಹತ್ತಿರ ಹಳೇ ಸಂಚಿಕೆ ಇದ್ದರೆ ಕಳಿಸಿ. ಅರ್ಧ ಇದ್ದರೂ ಆಗುತ್ತದೆ. ಬರೆದವರ ಹೆಸರಿರುವ ಪುಟ ಇದ್ದರೆ ಅದನ್ನು ಮೊದಲು ಕಳಿಸಿ.