ಕ್ರೆಬ್ಸ್ ಚಕ್ರದ ಹ್ಯಾನ್ಸ್ ಕ್ರೆಬ್ಸ್

ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆಲ್ಲ ಕ್ರೆಬ್ಸ್ ಚಕ್ರ ಗೊತ್ತು. ಪರೀಕ್ಷೆಯಲ್ಲಿ ಅದರ ಚಿತ್ರವನ್ನೂ ಬರೆದಿರುತ್ತೀರಿ. ಆದರೆ ಆ ಕ್ರೆಬ್ಸ್ ಯಾರು ಎಂದರೆ ಬಹಳಷ್ಟು ಮಂದಿ ಸುಮ್ಮನಾಗುತ್ತಾರೆ. ಭಾಷೆ ಕಲಿಸುವ ನನಗೂ ಇತ್ತೀಚಿನವರೆಗೆ ಗೊತ್ತಿರಲಿಲ್ಲ.

ಹ್ಯಾನ್ಸ್ ಅಡಾಲ್ಫ್ ಕ್ರೆಬ್ಸ್ 1900ರ ಆಗಸ್ಟ್ 25ರಂದು ಜರ್ಮನಿಯ ಹಿಲ್ಡೆಸ್‌ಹೈಮ್‌ನ ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ಕಿವಿ, ಮೂಗು, ಗಂಟಲಿನ ವೈದ್ಯರು. ಮಗನೂ ವೈದ್ಯನಾಗಿ, ಬರ್ಲಿನ್ನಿನಲ್ಲಿ ಒಟ್ಟೊ ವಾರ್‌ಬರ್ಗ್ ಅವರ ಬಳಿ ಸಂಶೋಧನೆ ಕಲಿತರು. 1932ರಲ್ಲಿ ಫ್ರೈಬರ್ಗಿನಲ್ಲಿ, ದೇಹದಲ್ಲಿ ಯೂರಿಯಾ ತಯಾರಾಗುವ ಬಗೆಯನ್ನು ಕಂಡುಹಿಡಿದು ಹೆಸರಾದರು. ಮರುವರ್ಷವೇ ಹಿಟ್ಲರನ ಆಡಳಿತ, ಯಹೂದಿ ಎಂಬ ಒಂದೇ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆದುಹಾಕಿತು. ಇಂಗ್ಲೆಂಡಿನ ವಿಜ್ಞಾನಿ ಹಾಪ್ಕಿನ್ಸ್ ಕೇಂಬ್ರಿಜ್‌ಗೆ ಕರೆಸಿಕೊಂಡರು. ಮೂವತ್ತೆರಡರ ಹರೆಯದ ಕ್ರೆಬ್ಸ್ ಪ್ರಯೋಗದ ಉಪಕರಣಗಳನ್ನು ಕಟ್ಟಿಕೊಂಡು ದೇಶ ಬಿಟ್ಟರು.

1935ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿ ವಿದ್ಯಾರ್ಥಿ ವಿಲಿಯಂ ಜಾನ್ಸನ್ ಜೊತೆ, ಪಾರಿವಾಳದ ಎದೆಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿ, ಆಹಾರದಿಂದ ಶಕ್ತಿ ಹೊರಬರುವ ದಾರಿ ಒಂದು ಚಕ್ರದಂತೆ ಸುತ್ತುತ್ತದೆಂದು 1937ರಲ್ಲಿ ತೋರಿಸಿದರು. ಆ ಲೇಖನವನ್ನು 'ನೇಚರ್' ಪತ್ರಿಕೆ, ಆಗಲೇ ಬಂದಿರುವ ಪತ್ರಗಳೇ ಬಹಳವಾಗಿವೆಯೆಂದು ಹಿಂದಿರುಗಿಸಿತು! ಅದು ಬೇರೊಂದು ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದೇ ಕೆಲಸಕ್ಕೆ 1953ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

1954ರಲ್ಲಿ ಆಕ್ಸ್‌ಫರ್ಡಿಗೆ ಹೋದ ಮೇಲೆ ಅವರ ಗಮನ ಕೀಟೋನ್‌ಗಳ ಕಡೆಗೂ ಹರಿಯಿತು. ದೀರ್ಘ ಉಪವಾಸದಲ್ಲಿ ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಮಿತಿಮೀರಿದರೆ ಪ್ರಾಣಾಪಾಯ. ಹೀಗಾಗಿ ವೈದ್ಯರು ಕೀಟೋನ್ ಎಂದರೆ ಹೆದರುತ್ತಿದ್ದರು. 1962ರಲ್ಲಿ ಕ್ರೆಬ್ಸ್ ಮತ್ತು ಸಂಗಡಿಗರು ರಕ್ತದಲ್ಲಿನ ಕೀಟೋನ್‌ಗಳನ್ನು ಬೇರೆಬೇರೆಯಾಗಿ, ನಿಖರವಾಗಿ ಅಳೆಯುವ ವಿಧಾನ ಕೊಟ್ಟರು. 1967ರಲ್ಲಿ ಅಮೆರಿಕದ ಕೇಹಿಲ್ ತಂಡವು, ಐದಾರು ವಾರ ಉಪವಾಸವಿದ್ದವರ ಮೆದುಳು ಮುಖ್ಯವಾಗಿ ಕೀಟೋನನ್ನೇ ಉರಿಸುತ್ತದೆಂದು ಕಂಡಿತು. ಕೀಟೋನ್ ಕೊನೆಗೆ ಸೇರುವುದು ಕ್ರೆಬ್ಸ್ ಚಕ್ರವನ್ನೇ!

ಬಾಯಿಯಿಂದ ಉಣ್ಣಲಾಗದ ರೋಗಿಗೆ ನರದ ಮೂಲಕ ಆಹಾರ ಕೊಡುತ್ತಾರಲ್ಲ, ಅದರಲ್ಲಿ ಹಾಲಿನಂತಹ ಬಿಳಿ ದ್ರವವೂ ಇರುತ್ತದೆ. ಅದು ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಎಣ್ಣೆ. ಸೋಯಾ ಎಣ್ಣೆಯ ಇಂತಹ ದ್ರವ 1962ರಲ್ಲಿ ಸ್ವೀಡನ್ನಿನಲ್ಲಿ ಬಳಕೆಗೆ ಬಂತು. ಎಷ್ಟೋ ಜೀವ ಉಳಿಸಿದೆ. ಆದರೆ ಹೆಚ್ಚಾದರೆ ರಕ್ತದಲ್ಲಿ ಕೊಬ್ಬು ಏರುತ್ತದೆ. ದೀರ್ಘಕಾಲ ಕೊಟ್ಟರೆ ಕೆಲವರ ಯಕೃತ್ತು ಕೆಡುತ್ತದೆ. ಹಾಗಾದರೆ ನೀರಿನಲ್ಲಿ ಕರಗುವ ಕೀಟೋನನ್ನೇ ಕೊಡಬಾರದೇಕೆ? ಅದನ್ನು ಲವಣವಾಗಿ ಕೊಟ್ಟರೆ ಸೋಡಿಯಂ ಹೆಚ್ಚುತ್ತದೆ. ಅದಕ್ಕಾಗಿ ಗ್ಲಿಸರಾಲ್‌ಗೆ ಜೋಡಿಸಿದ ಮೋನೊಅಸಿಟೊಅಸಿಟಿನ್ ಎಂಬ ವಸ್ತುವನ್ನು 1970ರ ದಶಕದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದರು. ಆದರೂ ದೇಹ ತಾನೇ ತಯಾರಿಸಿಕೊಳ್ಳಲಾಗದ ಕೊಬ್ಬಿನಾಮ್ಲಗಳನ್ನು ಕೀಟೋನ್ ಕೊಡಲಾರದು. ಆದ್ದರಿಂದ ಎಣ್ಣೆಯನ್ನು ಪೂರ್ತಿ ಬಿಡುವಂತಿಲ್ಲ. ಕ್ರೆಬ್ಸರ ಶಿಷ್ಯ ರಿಚರ್ಡ್ ವೀಚ್ ಮುಂದೆ ಕುಡಿಯುವ ಕೀಟೋನ್ ಎಸ್ಟರ್ ರೂಪಿಸುವುದರಲ್ಲಿ ತೊಡಗಿದರು.

ಕ್ರೆಬ್ಸ್ 1967ರಲ್ಲಿ ನಿವೃತ್ತರಾದರೂ ಮನೆಯಲ್ಲಿ ಕೂರಲಿಲ್ಲ. ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಪ್ರಯೋಗಾಲಯ ನಡೆಸಿದರು. 1981ರ ನವೆಂಬರ್ 22ರಂದು ಅದೇ ಊರಿನಲ್ಲಿ ತೀರಿಕೊಂಡರು.