ನೋವಿನ ಬೆಲೆಯನ್ನರಿತ ವೈದ್ಯ: ಡಾ. ಪಾಲ್ ಬ್ರ್ಯಾಂಡ್

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಲ್ಲಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಅಲಗು ಬೆರಳಿಗೆ ತಾಗಿದೊಡನೆ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಬೆರಳಿನ ಸುದ್ದಿಯನ್ನು ಬೆನ್ನುಹುರಿಗೂ ಅಲ್ಲಿಯ ಆಜ್ಞೆಯನ್ನು ತೋಳಿಗೂ ಕ್ಷಣಾರ್ಧದಲ್ಲಿ ಮುಟ್ಟಿಸುವ ನರಗಳ ಉಪಕಾರವಿದು. ಈ ನರಗಳು ಮೂಕವಾದರೆ ಮನುಷ್ಯನ ಗತಿಯೇನು? ಆ ಪ್ರಶ್ನೆಯ ಬೆನ್ನು ಹತ್ತಿ ಬಾಳು ಸವೆಸಿದ ಮಹನೀಯರು ಡಾ. ಪಾಲ್ ಬ್ರ್ಯಾಂಡ್.

1914ರ ಜುಲೈ 17ರಂದು ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳ ಪುತ್ರರಾಗಿ ಜನಿಸಿದ ಅವರು ಒಂಬತ್ತನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಮೊದಲು ಮರಗೆಲಸ, ಕಟ್ಟಡ ಕೆಲಸಗಳನ್ನು ಕಲಿತು, ಬಳಿಕ ಲಂಡನ್ನಿನಲ್ಲಿ ಶಸ್ತ್ರವೈದ್ಯರಾದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು.

ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಅವರು ಒಬ್ಬ ರೋಗಿಯ ಕೈ ಹಿಡಿದರು. ಉಗುರುಗಳಂತೆ ಒಳಬಾಗಿದ ಆ ಬೆರಳುಗಳ ಬಿಗಿಹಿಡಿತಕ್ಕೆ ವೈದ್ಯರ ಕೈಯೇ ನೊಂದಿತು. ನಿರ್ಜೀವವೆಂದು ಲೋಕ ಕೈಬಿಟ್ಟ ಅಂಗದಲ್ಲಿ ಇನ್ನೂ ಬಲವಿತ್ತು! ರೋಗಾಣುಗಳು ಚರ್ಮಕ್ಕೆ ಸಮೀಪವಾದ, ದೇಹದ ತಂಪಾದ ಭಾಗಗಳಲ್ಲಿ ನರವನ್ನು ಕೆಡಿಸುತ್ತವೆ. ಮೊಣಕೈಯ ಬಳಿ ನರ ಕೆಟ್ಟರೆ ಅಂಗೈಯ ಕಿರುಸ್ನಾಯುಗಳು ಸೋಲುತ್ತವೆ, ಮುಂಗೈಯ ಹಲವು ಸ್ನಾಯುಗಳು ಉಳಿಯುತ್ತವೆ. ಆ ಗಟ್ಟಿ ಸ್ನಾಯುವಿನ ರಜ್ಜುವನ್ನು ಬೆರಳುಗಳಿಗೆ ಜೋಡಿಸಿ ಅವರು ಮಡಿಚಿದ ಕೈಗಳನ್ನು ಬಿಡಿಸಿದರು.

ಆದರೆ ಬೆರಳುಗಳು ಮೊಟಕಾಗುವುದೇಕೆ? ಮಾಂಸ ತಾನೇ ಕೊಳೆತು ಉದುರುತ್ತದೆಂಬ ನಂಬಿಕೆ ಅಂದು ಬಲವಾಗಿತ್ತು. ಒಮ್ಮೆ ತುಕ್ಕು ಹಿಡಿದ ಬೀಗವನ್ನು ಬಾಲಕನೊಬ್ಬ ಸಲೀಸಾಗಿ ತೆರೆದನು. ಅವನ ಬೆರಳು ಎಲುಬಿನವರೆಗೆ ಸೀಳಿತ್ತು, ಅವನಿಗೆ ಅರಿವೇ ಇರಲಿಲ್ಲ. ಬಿಸಿಪಾತ್ರೆಯ ಸುಟ್ಟಗಾಯ, ರಾತ್ರಿ ಇಲಿ ಕಡಿದ ಗಾಯ, ಇವೆಲ್ಲ ನೋವಿಲ್ಲದ ಕಾರಣ ಉಪೇಕ್ಷೆಗೊಳಗಾಗಿ ಅಂಗವನ್ನೇ ಕಳೆಯುತ್ತಿದ್ದವು. ಅಪರಾಧಿ ನೋವಲ್ಲ, ನೋವಿನ ಅಭಾವವೆಂಬ ಸತ್ಯ ಹೊರಬಿದ್ದಿತು.

ಒಂದು ರಾತ್ರಿ ಲಂಡನ್ನಿನಲ್ಲಿ ತಮ್ಮ ಹಿಮ್ಮಡಿಯೇ ಮರಗಟ್ಟಿದ್ದನ್ನು ಕಂಡು ಬ್ರ್ಯಾಂಡ್ ನಡುಗಿದರು. ಸೂಜಿ ಚುಚ್ಚಿದರೂ ತಿಳಿಯಲಿಲ್ಲ. ರೋಗ ತಮಗೂ ತಗುಲಿತೆಂದು ನಿದ್ದೆಯಿಲ್ಲದೆ ಕಳೆದ ಅವರು, ಬೆಳಗಾಗಿ ಮತ್ತೆ ಚುಚ್ಚಿಕೊಂಡಾಗ ನೋವಾಯಿತು. ಆ ನೋವಿಗಾಗಿ ಅವರ ಹೃದಯ ಕೃತಜ್ಞತೆಯಿಂದ ತುಂಬಿತು.

1966ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ತೆರಳಿ, ಅಪಾಯವನ್ನು ಸೂಚಿಸುವ ಕೃತಕ ಕೈಗವಸನ್ನು ರೂಪಿಸಲು ಶ್ರಮಿಸಿದರು. ಸಂಕೇತ ಕೇಳಿದರೂ ರೋಗಿಗಳು ಕೈಕೆಲಸ ನಿಲ್ಲಿಸುತ್ತಿರಲಿಲ್ಲ, ಯತ್ನ ಕೈಗೂಡಲಿಲ್ಲ. ನಿಸರ್ಗದ ನೋವಿಗೆ ಬದಲಿಯಿಲ್ಲವೆಂಬುದು ಆ ಸೋಲಿನ ಪಾಠ. ಸ್ಪರ್ಶಜ್ಞಾನ ಕಳೆದ ಪಾದದ ರಕ್ಷಣೆಯ ಕುರಿತು ಅವರು ಕಂಡುಕೊಂಡ ವಿವೇಕ ಸಕ್ಕರೆ ಕಾಯಿಲೆಯವರ ಕಾಲುಗಳಿಗೂ ಆಸರೆಯಾಯಿತು. 2003ರ ಜುಲೈ 8ರಂದು ಅವರು ಕಾಲವಶರಾದರು.

ಇಂದು ಕುಷ್ಠಕ್ಕೆ ಬಹುವಿಧ ಔಷಧ ಚಿಕಿತ್ಸೆಯಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆದರೆ ತೀರ ಕೆಟ್ಟುಹೋದ ನರ ಮರಳಿ ಚೇತರಿಸುವುದು ವಿರಳ. ಆದುದರಿಂದ ವಿದ್ಯಾರ್ಥಿಯ ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಉಪಾಧ್ಯಾಯರು ನಾಚಿಕೆಗೂ ಭಯಕ್ಕೂ ಎಡೆಗೊಡದೆ ವೈದ್ಯರತ್ತ ಕಳುಹಿಸುವುದೇ ಆ ಮಹಾನುಭಾವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.