ನಗೆಪಾಟಲಾದ ಹುಡುಗ ನಾದಗಾರನಾದ ಕಥೆ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂಭ್ರಮದಲ್ಲಿ ಹೊರಬರುತ್ತಿರುವ ಈ ಸಂಚಿಕೆಗೆ ಯಾರಾದರೂ ಸಾಧಕರ ಬದುಕಿನ ಬಗ್ಗೆ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿ ಹೇಳಿದರು. ವಿಜ್ಞಾನಿಗಳ ಬಗ್ಗೆ, ನಾಡಿನ ಹಿರಿಯರ ಬಗ್ಗೆ ಬರೆಯಲು ನನಗಿಂತ ಬಲ್ಲವರು ಇದ್ದಾರೆ. ನಾನು ಅಮೆರಿಕದ ಒಬ್ಬ ಸ್ಯಾಕ್ಸೋಫೋನ್ ವಾದಕನನ್ನು ಆರಿಸಿಕೊಂಡೆ. ಅವನಿಗೂ ನಮ್ಮೂರ ಹೈಸ್ಕೂಲಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಕೊನೆಯವರೆಗೆ ಓದಿ.

ಸ್ಯಾಕ್ಸೋಫೋನ್ ನಮಗೆ ತೀರಾ ಹೊಸದೇನಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದರ ನಾದ ಕೇಳಿ ಮನಸೋತರು. ಮುಂದೆ ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿ ಪದ್ಮಶ್ರೀ ಪಡೆದರು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ರೂಪಿಸಿದ ವಾದ್ಯ ಅದು. ಅಮೆರಿಕದ ಕಪ್ಪು ಜನರ ಕೈಗೆ ಬಂದ ಮೇಲೆ ಜಾಜ್ ಸಂಗೀತದ ಮುಖ್ಯ ದನಿಯಾಯಿತು. ಜಾಜ್ ಎಂದರೆ ಬರೆದಿಟ್ಟದ್ದನ್ನು ಮಾತ್ರ ನುಡಿಸುವುದಲ್ಲ. ಒಂದು ಹಾಡನ್ನು ಹಿಡಿದು, ನಮ್ಮ ವಿದ್ವಾಂಸರು ಕಲ್ಪನಾಸ್ವರ ಹಾಕುವ ಹಾಗೆ, ಆ ಕ್ಷಣಕ್ಕೆ ತೋಚಿದ್ದನ್ನು ಲೆಕ್ಕ ತಪ್ಪದೆ ನುಡಿಸಬೇಕು. ಆ ಕಲೆಯಲ್ಲಿ ದೊಡ್ಡ ಹೆಸರು ಚಾರ್ಲಿ ಪಾರ್ಕರ್.

ಚಾರ್ಲಿ ಹುಟ್ಟಿದ್ದು 1920ರ ಆಗಸ್ಟ್ 29ರಂದು, ಕ್ಯಾನ್ಸಸ್ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ. ಬಾಲ್ಯದಲ್ಲೇ ಸಂಸಾರ ಪಕ್ಕದ ಮಿಸೌರಿ ರಾಜ್ಯದ, ಅದೇ ಹೆಸರಿನ ದೊಡ್ಡ ಊರಿಗೆ ಬಂತು. ಅಪ್ಪ ಮನೆಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಅಮ್ಮ ಆ್ಯಡಿ ರಾತ್ರಿ ಹೊತ್ತು ತಂತಿ ಕಚೇರಿಯಲ್ಲಿ ಕಸ ಗುಡಿಸಿ, ನೆಲ ಒರೆಸಿ ಮಗನನ್ನು ಸಾಕಿದಳು.

ಆಗ ಅಲ್ಲಿ ಬಿಳಿಯರ ಮಕ್ಕಳಿಗೆ ಬೇರೆ ಶಾಲೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಚಾರ್ಲಿ ಸೇರಿದ್ದು ಕಪ್ಪು ಮಕ್ಕಳ ಲಿಂಕನ್ ಹೈಸ್ಕೂಲಿಗೆ. ಅಲ್ಲಿ ಒಂದು ಬ್ಯಾಂಡ್ ಇತ್ತು. ಅವನ ಕೈಗೆ ಮೊದಲು ಕೊಟ್ಟದ್ದು ಬ್ಯಾರಿಟೋನ್ ಹಾರ್ನ್ ಎಂಬ ದಪ್ಪ ಹಿತ್ತಾಳೆ ಕೊಳವೆ. ಅದು ಅವನಿಗೆ ಹಿಡಿಸಲಿಲ್ಲ. ಅಮ್ಮ ದುಡಿದ ಹಣದಲ್ಲಿ ಒಂದು ಹಳೆಯ ಆಲ್ಟೋ ಸ್ಯಾಕ್ಸೋಫೋನ್ ಕೊಡಿಸಿದಳು. ಓದಿನಲ್ಲಿ ಹುಡುಗ ಮುಂದೆ ಬರಲಿಲ್ಲ. 1935ರ ಕೊನೆಗೆ, ಹದಿನೈದನೇ ವಯಸ್ಸಿನಲ್ಲಿ, ಶಾಲೆಯನ್ನೇ ಬಿಟ್ಟ. ಮರುವರ್ಷ ಹದಿನಾರು ತುಂಬುವ ಮೊದಲೇ ಮದುವೆಯೂ ಆಯಿತು.

ಅಂದಿನ ಕ್ಯಾನ್ಸಸ್ ಸಿಟಿ ಹೇಗಿತ್ತು ಎಂದು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. 1929ರ ಆರ್ಥಿಕ ಕುಸಿತದಿಂದ ದೇಶವೆಲ್ಲ ಕೆಲಸವಿಲ್ಲದೆ ಕೂತಿದ್ದಾಗ ಈ ಊರಿನಲ್ಲಿ ಸಂಗೀತಗಾರರಿಗೆ ಕೆಲಸವಿತ್ತು. ಊರನ್ನು ಆಳುತ್ತಿದ್ದ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕಾರಣಿಯ ಕಾಲದಲ್ಲಿ ಹೆಂಡ, ಜೂಜು ಯಾವುದಕ್ಕೂ ತಡೆಯಿರಲಿಲ್ಲ. ಕ್ಲಬ್ಬುಗಳು ಬೆಳಗಿನ ಜಾವದವರೆಗೂ ತೆರೆದಿರುತ್ತಿದ್ದವು. ಪ್ರತಿ ಕ್ಲಬ್ಬಿಗೂ ಒಂದು ಬ್ಯಾಂಡ್ ಬೇಕಿತ್ತು. ಅವೆಲ್ಲ ನೃತ್ಯದ ಬ್ಯಾಂಡುಗಳು. ಜನ ಬರುತ್ತಿದ್ದದ್ದು ಕೂತು ಕೇಳಲಿಕ್ಕಲ್ಲ, ಕುಣಿಯಲಿಕ್ಕೆ. ನಮ್ಮ ಮದುವೆ ಮನೆಯ ವಾಲಗದವರ ಹಾಗೆ, ಬಂದವರಿಗೆ ಏನು ಬೇಕೋ ಅದನ್ನು ಗಂಟೆಗಟ್ಟಲೆ ನುಡಿಸುವುದೇ ಕಸುಬು. ಎಷ್ಟೋ ಹಾಡುಗಳನ್ನು ಕಾಗದದ ಮೇಲೆ ಬರೆದೇ ಇರುತ್ತಿರಲಿಲ್ಲ. ಒಬ್ಬ ಒಂದು ಸಣ್ಣ ಸ್ವರಗುಚ್ಛ ಎತ್ತಿಕೊಂಡರೆ ಉಳಿದವರು ಅದನ್ನೇ ಹಿಡಿದು ತಿರುಗಿಸುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಊರಿನ ವಾದಕರೆಲ್ಲ ಒಂದು ಕಡೆ ಸೇರಿ ಪರಸ್ಪರ ಪಂದ್ಯ ಕಟ್ಟಿದ ಹಾಗೆ ನುಡಿಸುತ್ತಿದ್ದರು. ಅದಕ್ಕೆ ಜ್ಯಾಮ್ ಸೆಷನ್ ಎಂದು ಹೆಸರು.

ರೀನೋ ಕ್ಲಬ್ಬಿನಲ್ಲಿ ಕೌಂಟ್ ಬೇಸಿಯವರ ಬ್ಯಾಂಡ್ ಇತ್ತು. ಅದರಲ್ಲಿ ಲೆಸ್ಟರ್ ಯಂಗ್ ಎಂಬ ಮಹಾ ಸ್ಯಾಕ್ಸೋಫೋನ್ ವಾದಕರು. ಅಮ್ಮ ರಾತ್ರಿ ಪಾಳಿಗೆ ಹೋದ ಮೇಲೆ ಹುಡುಗ ಮನೆಯಿಂದ ಜಾರಿ, ಅಂಥ ಕ್ಲಬ್ಬುಗಳ ಹಿಂದಿನ ಓಣಿಯಲ್ಲಿ ನಿಂತು ಕೇಳುತ್ತಿದ್ದ. ಲಾರೆನ್ಸ್ ಕೀಸ್ ಎಂಬ ಪಿಯಾನೋ ಹುಡುಗ ಕಟ್ಟಿದ್ದ ಡೀನ್ಸ್ ಆಫ್ ಸ್ವಿಂಗ್ ಎಂಬ ಎಳೆಯರ ಬ್ಯಾಂಡಿನಲ್ಲಿ ಚಾರ್ಲಿಗೂ ಜಾಗ ಸಿಕ್ಕಿತು. ಕುಣಿತದ ಕೂಟಗಳಲ್ಲಿ ನುಡಿಸಿ ಅಷ್ಟಿಷ್ಟು ಕಾಸು ಬಂತು. ತಾನು ವಾದಕನಾದೆ ಎಂದು ಅವನು ತಿಳಿದ.

ಇಲ್ಲಿಂದ ಅವನ ಸೋಲಿನ ಕಥೆ. ಒಂದು ರಾತ್ರಿ ಹೈ ಹ್ಯಾಟ್ ಎಂಬ ಕ್ಲಬ್ಬಿನಲ್ಲಿ ಹಿರಿಯರ ನಡುವೆ ನುಡಿಸಲು ನಿಂತ. ಅವನಿಗೆ ಬರುತ್ತಿದ್ದದ್ದು ಒಂದೂವರೆ ಹಾಡು. ಅವು ಮುಗಿಯುವವರೆಗೆ ತೊಂದರೆಯಾಗಲಿಲ್ಲ. ಆಮೇಲೆ ಬಾಡಿ ಆ್ಯಂಡ್ ಸೋಲ್ ಎಂಬ ನಿಧಾನದ ಹಾಡು ಬಂತು. ಚಾರ್ಲಿ ಅದನ್ನು ದುಗುನ್ ವೇಗದಲ್ಲಿ ನುಡಿಸಲು ಹೋಗಿ ದಾರಿ ತಪ್ಪಿದ. ಎಲ್ಲರೂ ನಕ್ಕರು. ಹುಡುಗ ಮನೆಗೆ ಹೋಗಿ ಅತ್ತ. ಮೂರು ತಿಂಗಳು ವಾದ್ಯ ಮುಟ್ಟಲಿಲ್ಲ. ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸಬೇಕಾಗುತ್ತದೆ ಎಂಬುದೇ ಅವನಿಗೆ ಆಗ ಗೊತ್ತಿರಲಿಲ್ಲ. ಹೇಳಿಕೊಡುವವರಿಲ್ಲದೆ ಒಬ್ಬನೇ ಕಲಿತವನ ಪಾಡು ಅದು.

1936ರಲ್ಲಿ ರೀನೋ ಕ್ಲಬ್ಬಿನಲ್ಲಿ ಆದದ್ದು ಇನ್ನೂ ದೊಡ್ಡ ಅವಮಾನ. ಡ್ರಮ್ ನುಡಿಸುತ್ತಿದ್ದವರು ಬೇಸಿ ಬ್ಯಾಂಡಿನ ಜೋ ಜೋನ್ಸ್. ಚಾರ್ಲಿ ನುಡಿಸುತ್ತಾ ನುಡಿಸುತ್ತಾ ಮತ್ತೆ ಹಾಡಿನ ಜಾಡು ಕಳೆದುಕೊಂಡ. ಜೋನ್ಸ್ ತಮ್ಮ ಡ್ರಮ್ಮಿನ ದೊಡ್ಡ ತಾಳವೊಂದನ್ನು ಬಿಚ್ಚಿ ಅವನ ಕಾಲ ಬಳಿಗೆ ಎಸೆದರು. ಝಣ್ ಎಂದು ಅದು ನೆಲಕ್ಕೆ ಬಿದ್ದ ಸದ್ದಿಗೆ ಕ್ಲಬ್ಬೆಲ್ಲ ನಕ್ಕಿತು. ಹದಿನೈದರ ಹುಡುಗ ವಾದ್ಯ ಎತ್ತಿಕೊಂಡು ಹೊರಗೆ ಹೋದ.

ಅವನು ಆ ದಿನವೇ ಬಿಟ್ಟಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಬಿಡಲಿಲ್ಲ. ಮೂರು ನಾಲ್ಕು ವರ್ಷ ದಿನಕ್ಕೆ ಹನ್ನೊಂದರಿಂದ ಹದಿನೈದು ಗಂಟೆ ಅಭ್ಯಾಸ ಮಾಡಿದ್ದಾಗಿ ಅವರೇ ಮುಂದೆ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಆ ಸದ್ದು ತಾಳಲಾರದೆ ನೆರೆಹೊರೆಯವರು ಮನೆ ಖಾಲಿ ಮಾಡುವಂತೆ ಅಮ್ಮನ ಮೇಲೆ ಜಗಳಕ್ಕೆ ಬಂದಿದ್ದರಂತೆ.

ಆ ನಡುವೆ ವಿಧಿ ಇನ್ನೊಂದು ಏಟು ಕೊಟ್ಟಿತು. 1936ರ ನವೆಂಬರ್ 26ರಂದು ಓಜಾರ್ಕ್ ಬೆಟ್ಟಗಳ ಕಡೆಗೆ ಬ್ಯಾಂಡ್ ಕೆಲಸಕ್ಕೆಂದು ಹೋಗುತ್ತಿದ್ದಾಗ ಕಾರು ಉರುಳಿತು. ಜೊತೆಗಿದ್ದ ಒಬ್ಬ ವಾದಕ ತೀರಿಕೊಂಡರು. ಚಾರ್ಲಿಯ ಪಕ್ಕೆಲುಬುಗಳು ಮುರಿದವು, ಬೆನ್ನುಮೂಳೆಗೂ ಪೆಟ್ಟಾಯಿತು. ನೋವಿಗೆಂದು ಸಿಕ್ಕ ಮಾರ್ಫಿನ್ ಮುಂದೆ ಚಟವಾಗಿ ಬೆಳೆದು ಜೀವಮಾನವಿಡೀ ಬಿಡಲಿಲ್ಲ.

ಮರುವರ್ಷ, 1937ರ ಬೇಸಿಗೆಯಲ್ಲಿ, ಅದೇ ಓಜಾರ್ಕ್ ಪ್ರದೇಶದ ವಿಹಾರಧಾಮದಲ್ಲಿ ಜಾರ್ಜ್ ಲೀ ಅವರ ನೃತ್ಯದ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿತು. ರಾತ್ರಿ ಕುಣಿಯುವವರಿಗೆ ನುಡಿಸುವುದು. ಹಗಲೆಲ್ಲ ಬಿಡುವು. ಲೆಸ್ಟರ್ ಯಂಗ್ ನುಡಿಸಿದ್ದ ಬೇಸಿ ಬ್ಯಾಂಡಿನ ರೆಕಾರ್ಡುಗಳನ್ನು ಚಾರ್ಲಿ ಜೊತೆಗೆ ಒಯ್ದಿದ್ದ. ಅವನ್ನು ಮತ್ತೆ ಮತ್ತೆ ಹಾಕಿ, ಒಂದೊಂದು ಸ್ವರವನ್ನೂ ಬಾಯಿಪಾಠ ಮಾಡಿದ. ಬ್ಯಾಂಡಿನ ಜೊತೆಗಾರರು ಸ್ವರಗಳನ್ನು ಒಟ್ಟಿಗೆ ಕೂಡಿಸುವ ಕ್ರಮ ಹೇಳಿಕೊಟ್ಟರು. ಬೆಟ್ಟಕ್ಕೆ ಹೋದ ಹುಡುಗನೇ ಬೇರೆ, ಹಿಂತಿರುಗಿ ಬಂದವನೇ ಬೇರೆ ಎಂದು ಊರಿನವರು ಬೆರಗಾದರು.

ಆಮೇಲೆ ಅವನಿಗೆ ಒಬ್ಬ ಗುರು ಸಿಕ್ಕರು. ಬಸ್ಟರ್ ಸ್ಮಿತ್ ಎಂಬ ಆಲ್ಟೋ ವಾದಕರು. ಸಹವಾದಕರು ಅವರನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ತಮ್ಮ ಬ್ಯಾಂಡಿಗೆ ಚಾರ್ಲಿಯನ್ನು ಸೇರಿಸಿಕೊಂಡು, ತಮ್ಮ ಪಾಲಿನ ಮನೋಧರ್ಮದ ಭಾಗವನ್ನು ಅವನಿಗೂ ಹಂಚಿಕೊಟ್ಟರು. ನುಡಿಸಲು ಬಿಟ್ಟು ಕಲಿಸಿದ ಗುರು ಅವರು. 1938ರಲ್ಲಿ ಸ್ಮಿತ್ ನ್ಯೂಯಾರ್ಕಿಗೆ ಹೋದರು. ಮರುವರ್ಷ ಶಿಷ್ಯನೂ ಅವರನ್ನು ಹುಡುಕಿಕೊಂಡು ಹೋಗಿ ಅವರ ಮನೆಯಲ್ಲೇ ಉಳಿದ. ಹೊಟ್ಟೆಪಾಡಿಗೆ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದ. ಅದೇ ಹೋಟೆಲಿನಲ್ಲಿ ಕಣ್ಣು ಸರಿಯಾಗಿ ಕಾಣದ ಮಹಾ ಪಿಯಾನೋ ವಾದಕ ಆರ್ಟ್ ಟೇಟಮ್ ನುಡಿಸುತ್ತಿದ್ದರು. ತೊಳೆಯುವ ಕೆಲಸ ಅಡುಗೆಮನೆಯಲ್ಲಿ, ಪಾಠ ಪಕ್ಕದ ಕೋಣೆಯಲ್ಲಿ.

1940ರ ಹೊತ್ತಿಗೆ, ಅಪ್ಪ ತೀರಿಕೊಂಡ ಮೇಲೆ, ಊರಿಗೆ ಹಿಂತಿರುಗಿದ ಪಾರ್ಕರ್ ಜೇ ಮೆಕ್‌ಶಾನ್ ಅವರ ಬ್ಯಾಂಡು ಸೇರಿದರು. ಸ್ಯಾಕ್ಸೋಫೋನ್ ಸಾಲಿಗೆ ಅಭ್ಯಾಸ ಮಾಡಿಸುವ ಹೊಣೆಯೂ ಅವರದೇ ಆಯಿತು. ಊರಿಂದೂರಿಗೆ ಕಾರಿನಲ್ಲಿ ಹೋಗಿ ಕುಣಿತದ ಸಭಾಂಗಣಗಳಲ್ಲಿ ನುಡಿಸುವ ಬದುಕು. ಒಮ್ಮೆ ದಾರಿಯಲ್ಲಿ ಕಾರಿಗೆ ಕೋಳಿಯೊಂದು ಸಿಕ್ಕಿ ಸತ್ತಿತು. ಪಾರ್ಕರ್ ಕಾರು ನಿಲ್ಲಿಸಿ, ಕೋಳಿಯನ್ನು ಎತ್ತಿಕೊಂಡು, ಉಳಿದುಕೊಂಡ ಮನೆಯಲ್ಲಿ ಸಾರು ಮಾಡಿಸಿ ತಿಂದರಂತೆ. ಆ ನಾಡಿನ ಆಡುಮಾತಿನಲ್ಲಿ ಕೋಳಿಗೆ ಯಾರ್ಡ್‌ಬರ್ಡ್ ಎಂಬ ಹೆಸರಿದೆ. ಅದು ಚಿಕ್ಕದಾಗಿ ಬರ್ಡ್ ಎಂದಾಯಿತು. ಇಂದಿಗೂ ಜಾಜ್ ಲೋಕದಲ್ಲಿ ಬರ್ಡ್ ಎಂದರೆ ಅವರೊಬ್ಬರೇ.

1940ರ ನವೆಂಬರ್ ಕೊನೆಯಲ್ಲಿ ವಿಚಿಟಾ ಎಂಬ ಊರಿನ ರೇಡಿಯೋ ಕೇಂದ್ರದಲ್ಲಿ ಈ ಬ್ಯಾಂಡಿನವರು ಕೆಲವು ಹಾಡುಗಳನ್ನು ಮುದ್ರಿಸಿದರು. ಆ ಧ್ವನಿಮುದ್ರಣ ಇಂದಿಗೂ ಉಳಿದಿದೆ. ಅದರಲ್ಲಿ ಬಾಡಿ ಆ್ಯಂಡ್ ಸೋಲ್ ಕೂಡ ಇದೆ. ಹೌದು, ಯಾವ ಹಾಡಿನಲ್ಲಿ ದಾರಿ ತಪ್ಪಿ ನಗೆಪಾಟಲಾಗಿದ್ದರೋ ಅದೇ ಹಾಡು. ಇಪ್ಪತ್ತು ವರ್ಷದ ಪಾರ್ಕರ್ ಅದನ್ನು ನಿರಾಳವಾಗಿ ನುಡಿಸಿದ್ದಾರೆ. ಮರುವರ್ಷ ಡಲ್ಲಾಸ್‌ನಲ್ಲಿ ಡೆಕ್ಕಾ ಕಂಪನಿಗೆ ಮೊದಲ ರೆಕಾರ್ಡು. 1942ರಲ್ಲಿ ನ್ಯೂಯಾರ್ಕಿನ ಸವಾಯ್ ಬಾಲ್‌ರೂಮ್. ಊರಿನ ಬ್ಯಾಂಡುಗಳ ದಿನಗಳು ಅಲ್ಲಿಗೆ ಮುಗಿದವು.

ಮುಂದಿನದು ಚರಿತ್ರೆ. ಡಿಜ್ಜಿ ಗಿಲೆಸ್ಪಿಯವರ ಜೊತೆ ಸೇರಿ ಬೀಬಾಪ್ ಎಂಬ ಹೊಸ ಜಾಜ್ ಶೈಲಿಯನ್ನೇ ಕಟ್ಟಿದರು. ಅವರ ಕೋ-ಕೋ ಎಂಬ ಪ್ರಸಿದ್ಧ ವಾದನ ಮುದ್ರಣವಾದದ್ದು 1945ರ ನವೆಂಬರ್ 26ರಂದು, ಕಾರು ಉರುಳಿ ಸರಿಯಾಗಿ ಒಂಬತ್ತು ವರ್ಷಕ್ಕೆ. ಆದರೆ ಚಟ ಅವರನ್ನು ಒಳಗಿನಿಂದ ತಿಂದಿತು. 1955ರ ಮಾರ್ಚ್ 12ರಂದು ಮೂವತ್ನಾಲ್ಕನೇ ವಯಸ್ಸಿನಲ್ಲಿ ತೀರಿಕೊಂಡರು. ಪರೀಕ್ಷಿಸಿದ ವೈದ್ಯರು ದೇಹ ನೋಡಿ ಐವತ್ತು ದಾಟಿದ ವ್ಯಕ್ತಿ ಎಂದುಕೊಂಡರು. ನನಗೂ ಈಗ ಹೆಚ್ಚು ಕಡಿಮೆ ಅದೇ ವಯಸ್ಸು. ಈ ಮಾತು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಾನು ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಇಂಜಿನಿಯರಿಂಗ್ ಸೇರಿದ ಮೊದಲ ವರ್ಷ ಸೆಮಿನಾರ್ ಕೊಡಲು ನಿಂತು, ಬಾಯಿಪಾಠ ಮಾಡಿದ್ದ ಎರಡು ಇಂಗ್ಲಿಷ್ ವಾಕ್ಯ ಮುಗಿದ ಮೇಲೆ ಮೂರನೆಯದು ಬಾರದೆ ನಿಂತುಬಿಟ್ಟೆ. ತರಗತಿ ನಕ್ಕಿತು. ಆ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದುಬಿಡೋಣ ಎನ್ನಿಸಿತ್ತು. ಬರಲಿಲ್ಲ. ಹಾಸ್ಟೆಲಿನ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಮುಂದೆ ನಿಂತು ದಿನಾ ಗಟ್ಟಿಯಾಗಿ ಓದಿದೆ. ಇಲ್ಲಿ ಗುರುಗಳು ಮಗ್ಗಿ ತಪ್ಪಿದರೆ ಬೈಯದೆ, ಇನ್ನೊಮ್ಮೆ ಮೊದಲಿಂದ ಹೇಳಿಸುತ್ತಿದ್ದ ರೂಢಿಯೇ ಅಂದು ನನ್ನನ್ನು ಉಳಿಸಿತು. ವರ್ಷಗಳ ನಂತರ ಆಫೀಸಿನಲ್ಲಿ ಗೆಳೆಯರೊಬ್ಬರು ಪಾರ್ಕರ್ ಸಂಗೀತ ಕೇಳಿಸಿದಾಗ, ಆ ತಾಳ ಬಿದ್ದ ಕಥೆ ತಿಳಿದಾಗ, ಇವನು ನಮ್ಮವನೇ ಎನ್ನಿಸಿತು.

ಓದು ಬಿಟ್ಟದ್ದರಿಂದ ಪಾರ್ಕರ್ ದೊಡ್ಡವರಾದರು ಎಂದು ಈಗಿನ ವಿದ್ಯಾರ್ಥಿಗಳು ದಯವಿಟ್ಟು ತಿಳಿಯಬಾರದು. ಹೇಳಿಕೊಡುವ ಒಬ್ಬರು ಎರಡು ವರ್ಷ ಮೊದಲೇ ಸಿಕ್ಕಿದ್ದರೆ ಅವರಿಗೆ ಆ ರಾತ್ರಿಗಳ ಕಣ್ಣೀರು ಬೇಕಿರಲಿಲ್ಲ. ಚಟ ಅಂಟದೆ ಇದ್ದಿದ್ದರೆ ಇನ್ನೂ ಎಷ್ಟೋ ವರ್ಷ ನುಡಿಸುತ್ತಿದ್ದರು. ಆದರೂ ಆ ಬಾಲಕನ ಕೈಗೆ ಮೊದಲ ವಾದ್ಯ ಇಟ್ಟದ್ದು ಒಂದು ಶಾಲೆಯ ಬ್ಯಾಂಡ್ ಎಂಬುದನ್ನು ಮರೆಯಬಾರದು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಮ್ಮ ಶಾಲೆಗೂ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಒಂದೆರಡು ಕೊಳಲು ತಂದುಕೊಟ್ಟರೆ ಹೇಗೆ ಎಂದು ಊರಿನ ಹಿರಿಯರನ್ನೂ ಗುರುಗಳನ್ನೂ ಈ ಮೂಲಕ ಕೇಳುತ್ತಿದ್ದೇನೆ. ನನ್ನ ಪಾಲಿನದು ಈಗಲೇ ಸಿದ್ಧವಿದೆ.